ಕರ್ತೃವೂ ಕರಣವೂ

ವ್ಯಾಕರಣವನ್ನು ಓದಿದವರೆಲ್ಲರೂ ಕರ್ತೃ, ಕರಣಗಳ ಭೇದವನ್ನು ಬಲ್ಲರು. ‘ದೇವದತ್ತನು ಕೊಡಲಿಯಿಂದ ಮರವನ್ನು ಕಡಿದನು’ ಎಂಬಲ್ಲಿ ದೇವದತ್ತನು ಕರ್ತೃ, ಕೊಡಲಿಯು ಕರಣ. ಅಲಗು ಹರಿತವಾಗಿದ್ದರೆ ‘ಕೊಡಲಿ ಚೆನ್ನಾಗಿ ಕಡಿಯುತ್ತದೆ’ ಎಂದು ಲೋಕದಲ್ಲಿ ಹೇಳುವುದುಂಟು. ಅದು ಉಪಚಾರದ ಮಾತು. ಅನ್ಯರ ಮರವನ್ನು ಕಡಿದಾಗ ದಂಡ ತೆರುವವನು ದೇವದತ್ತನೇ ಹೊರತು ಕೊಡಲಿಯಲ್ಲ.

ಇಂದು ‘ಕೃತಕ ಬುದ್ಧಿಮತ್ತೆ’ ಎಂದು ಕರೆಯಲ್ಪಡುವ ಸಾಧನವೂ ಕರಣವೇ ಸರಿ. ಸಾವಿರಾರು ಪೂರ್ವದೃಷ್ಟಾಂತಗಳನ್ನು ಗಣಕಯಂತ್ರಕ್ಕೆ ಒದಗಿಸಿದರೆ, ಅದು ಅವುಗಳೊಳಗಣ ಸಾದೃಶ್ಯವನ್ನು ಗುರುತಿಸಿ, ಹೊಸ ಸಂಗತಿಯ ವಿಷಯದಲ್ಲಿ ಊಹೆ ಮಾಡುತ್ತದೆ. ಇದರಿಂದ ಲೋಕೋಪಕಾರವುಂಟು. ಮಧುಮೇಹದಿಂದ ಅಕ್ಷಿಪಟಲಕ್ಕೆ ತಗಲುವ ವ್ಯಾಧಿಯನ್ನು ಕಣ್ಣಿನ ಚಿತ್ರದಿಂದಲೇ ಪತ್ತೆಹಚ್ಚುವ ಇಂತಹ ಸಾಧನಕ್ಕೆ 2018ರಲ್ಲಿ ಅಮೆರಿಕೆಯ ಔಷಧ ನಿಯಂತ್ರಣ ಸಂಸ್ಥೆಯು ಸಮ್ಮತಿಯಿತ್ತಿತು. ನೇತ್ರತಜ್ಞರಿಲ್ಲದ ಚಿಕಿತ್ಸಾಲಯದಲ್ಲಿಯೂ ವ್ಯಾಧಿಯನ್ನು ಮೊದಲೇ ಅರಿತು, ರೋಗಿಯನ್ನು ತಜ್ಞರ ಬಳಿಗೆ ಕಳುಹಿಸಲು ಇದರಿಂದ ಸಾಧ್ಯವಾಯಿತು.

ಅದೇ ಬಗೆಯ ಸಾಧನವು ನೆದರ್ಲೆಂಡ್ಸ್ ದೇಶದಲ್ಲಿ ಅನರ್ಥಕ್ಕೂ ಕಾರಣವಾಯಿತು. ಶಿಶುಪಾಲನೆಗೆಂದು ಸರಕಾರವು ಕೊಡುವ ಸಹಾಯಧನದಲ್ಲಿ ವಂಚನೆಯನ್ನು ತಡೆಯಲು ಅಲ್ಲಿಯ ತೆರಿಗೆ ಇಲಾಖೆಯು 2013ರಿಂದ ಇದನ್ನು ಬಳಸಿತು. ಅರ್ಜಿದಾರರು ಆ ದೇಶದ ಪೌರರೋ ಅಲ್ಲವೋ ಎಂಬುದನ್ನೂ ಸಂದೇಹದ ಲಕ್ಷಣಗಳಲ್ಲಿ ಒಂದಾಗಿ ಎಣಿಸಲಾಯಿತು. ಸಂದೇಹಾಸ್ಪದವೆಂದು ಯಂತ್ರವು ಬೇರ್ಪಡಿಸಿದ ಅರ್ಜಿಯು ಅಧಿಕಾರಿಯ ಮೇಜಿಗೆ ಬರುತ್ತಿತ್ತು. ಸಂದೇಹವೇಕೆಂಬುದು ಮಾತ್ರ ಅವನಿಗೂ ತಿಳಿಯುತ್ತಿರಲಿಲ್ಲ. ಅಲ್ಪದೋಷಕ್ಕೂ ಪೂರ್ಣಧನವನ್ನು ಹಿಂದಿರುಗಿಸಬೇಕೆಂಬ ಇಲಾಖೆಯ ಕಾಠಿಣ್ಯವೂ ಅದಕ್ಕೆ ಸೇರಿತು. ನಿರಪರಾಧಿಗಳಾದ ಸಾವಿರಾರು ಸಂಸಾರಗಳು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಆ ದೇಶದ ಮಂತ್ರಿಮಂಡಲವೇ ರಾಜೀನಾಮೆಯಿತ್ತಿತು. ರಾಜೀನಾಮೆ ಕೊಡಲು ಯಂತ್ರಕ್ಕೆ ಬಾರದಷ್ಟೆ.

ಇಲ್ಲಿ ದೋಷವೆಲ್ಲಿಯದು? ಪೌರತ್ವವನ್ನು ಸಂದೇಹಕ್ಕೆ ಲಕ್ಷಣವನ್ನಾಗಿ ಆರಿಸಿದವರು ಮನುಷ್ಯರು. ಕಾರಣವನ್ನು ಕೇಳದೆ ಅದನ್ನು ನಂಬಿದವರೂ ಮನುಷ್ಯರು. ‘ಯಂತ್ರವು ಹೀಗೆ ಹೇಳಿತು’ ಎಂಬ ಉಪಚಾರದ ಮಾತನ್ನು ಅವರು ಯಥಾರ್ಥವೆಂದು ಗ್ರಹಿಸಿದರು. ಕರಣವನ್ನು ಕರ್ತೃವಿನ ಪೀಠದಲ್ಲಿ ಕುಳ್ಳಿರಿಸಿದರು. ತನ್ನ ಅರಿವನ್ನು ಹೀಗೆ ಕರಣಕ್ಕೆ ಒಪ್ಪಿಸಿದವನು ಕರ್ತವ್ಯದಿಂದ ಜಾರುತ್ತಾನೆ. ಹೊಣೆಯಿಂದ ಮಾತ್ರ ಪಾರಾಗಲಾರನು.

ಆದುದರಿಂದ ಈ ಸಾಧನವನ್ನು ಬಳಸುವವರು ಎರಡು ನಿಯಮಗಳನ್ನು ಪಾಲಿಸತಕ್ಕದ್ದು. ನಿರ್ಣಯಕ್ಕೆ ಕಾರಣವನ್ನು ಹೇಳಲು ಬಾರದಿದ್ದಲ್ಲಿ ಅದನ್ನು ಪರರ ಮೇಲೆ ಹೇರಲಾಗದು. ನೊಂದವನು ಬಂದು ‘ಇದನ್ನು ಮಾಡಿದವರಾರು?’ ಎಂದು ಕೇಳಿದಾಗ, ‘ನಾನು’ ಎಂದು ಉತ್ತರಿಸುವ ಒಬ್ಬ ಮನುಷ್ಯನು ಅಲ್ಲಿರಬೇಕು.