ನಲವತ್ತು ಸಾವಿರದೊಳಗೊಂದು ಕಂಪ್ಯೂಟರ್

ಕಂಪ್ಯೂಟರ್ ಬಿಡಿಭಾಗಗಳ ವ್ಯಾಪಾರದಲ್ಲಿ ಗಾತ್ರ ಇಳಿದಷ್ಟೂ ಬೆಲೆ ಏರುತ್ತದೆ. ಹದಿನೇಳು ಸೆಂಟಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಮದರ್‌ಬೋರ್ಡನ್ನು 2001ರಲ್ಲಿ ತಂದದ್ದು ತೈವಾನಿನ ವಿಯಾ ಕಂಪನಿ. ಮನೆಬಳಕೆಯ ಕಂಪ್ಯೂಟರುಗಳಲ್ಲಿ ಅದು ಷೋಕಿಯವರ ಬೋರ್ಡು. ಮಾರಾಟ ಕಡಿಮೆ, ಅದಕ್ಕೇ ದರ ಹೆಚ್ಚು. ಅದಕ್ಕೆ ಹೊಂದುವ, ಕರೆಂಟು ಹಂಚುವ ಪುಟ್ಟ ಎಸ್‌ಎಂಪಿಎಸ್ ಬೇರೆ ಅಳತೆಯದು, ಕ್ಯಾಬಿನೆಟ್ ಕೂಡ ಬೇರೆ. ಕಳೆದ ವರ್ಷ, 2025ರ ಮಧ್ಯದಲ್ಲಿ, ಈ ಮೂರಕ್ಕೇ ಮಾಮೂಲಿ ಮೈಕ್ರೋ-ಎಟಿಎಕ್ಸ್‌ಗಿಂತ ಹನ್ನೆರಡು ಸಾವಿರ ಹೆಚ್ಚಿಗೆ ಕೇಳಿದರು. ನನ್ನ ಒಟ್ಟು ಬಜೆಟ್ಟೇ ನಲವತ್ತು ಸಾವಿರ.

ಆದರೂ ಚಿಕ್ಕದೇ ಬೇಕಿತ್ತು. ನಮ್ಮದು ಚಿಕ್ಕನಾಯಕನಹಳ್ಳಿಯ ಹಳೇ ಮನೆ. ಅಟ್ಟದ ತುಂಬ ಸುಲಿಯದ ಕಾಯಿ, ಹತ್ತು ಹನ್ನೆರಡು ತಿಂಗಳು ಅಲ್ಲೇ ಒಣಗಿ ಉಂಡೆ ಕೊಬ್ಬರಿಯಾಗಬೇಕು. ಕೆಳಗೆ ಪಡಸಾಲೆಯಲ್ಲಿ ಉಳಿದ ಜಾಗ ಒಂದು ಮೇಜಿನಷ್ಟು. ಹಗಲು ನನ್ನ ಲೆಕ್ಕಪತ್ರದ ಕೆಲಸಕ್ಕೆ, ಸಂಜೆ ತಿಪಟೂರಿನ ಕಾಲೇಜಿನಿಂದ ಬಸ್ಸಿಳಿದು ಬರುವ ಮಗಳ ಬಿಸಿಎ ಪಾಠಕ್ಕೆ ಅದೊಂದೇ ಮೇಜು. ಲ್ಯಾಪ್‌ಟಾಪ್ ಯಾಕಾಗಬಾರದು ಎಂದು ಎಲ್ಲರೂ ಕೇಳಿದರು. ಕರೆಂಟು ಹೋದರೆ ಅದು ನಿಲ್ಲುವುದಿಲ್ಲ ಎನ್ನುವುದು ನಿಜ. ಆದರೆ ಆ ದುಡ್ಡಿನ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಕಡೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಕೀಲಿ ಕೆಟ್ಟರೂ ಬೆಂಗಳೂರಿಗೇ ಹೊರಬೇಕು. ಬಿಡಿಯಾಗಿ ಜೋಡಿಸಿದ್ದರಲ್ಲಿ ಕೆಟ್ಟದ್ದನ್ನಷ್ಟೇ ಬದಲಿಸಿದರೆ ಸಾಕು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮೊದಲೇ ಒಂದು ನಿರ್ಧಾರ ಮಾಡಿಕೊಂಡಿದ್ದೆ: ಪೆಟ್ಟಿಗೆ ಸ್ವಲ್ಪ ದೊಡ್ಡದಿದ್ದರೂ ಚಿಂತೆಯಿಲ್ಲ, ವ್ಯಾಟ್ ಚಿಕ್ಕದಿರಬೇಕು. ಉಳಿತಾಯ ಹುಟ್ಟುವುದೇ ಅಲ್ಲಿ. ಪ್ರೊಸೆಸರ್ ಎಎಂಡಿ ರೈಜನ್ 5 5600ಜಿ, 2021ರದು. ಆರು ಕೋರು, 65 ವ್ಯಾಟ್, ಗ್ರಾಫಿಕ್ಸ್ ಒಳಗೇ ಇದೆ. ಹಳೆಯದಾಯಿತಲ್ಲ ಸಾರ್ ಎಂದು ಅಂಗಡಿಯ ಹುಡುಗ ಮುಖ ಸಿಂಡರಿಸಿದ. ಹಳೆಯದಾಗಿದ್ದರಿಂದಲೇ ಅದು ಹನ್ನೊಂದೂವರೆ ಸಾವಿರಕ್ಕೆ ಸಿಕ್ಕಿತು, ಅದರ ಬೋರ್ಡು 5,200ಕ್ಕೆ. ಎಂಟು ಜಿಬಿಯ ಎರಡು ರ‍್ಯಾಮ್ 3,300. ಹದಿನಾರರ ಒಂದೇ ಪಟ್ಟಿ ಕೊಡಲು ನೋಡಿದ, ನಾನು ಒಪ್ಪಲಿಲ್ಲ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮನ್ನೇ ಬಳಸುತ್ತದೆ. ಎರಡು ಪಟ್ಟಿ ಜೋಡಿಯಾಗಿ ನಡೆದರೆ ಅದರ ವೇಗವೇ ಬೇರೆ. 500 ಜಿಬಿ ಎಸ್‌ಎಸ್‌ಡಿ ಮೂರು ಸಾವಿರ, ಕ್ಯಾಬಿನೆಟ್ 2,200.

ಎಸ್‌ಎಂಪಿಎಸ್ ವಿಷಯಕ್ಕೆ ಬಂದಾಗ ಮಾತ್ರ ಕೈ ಸಡಿಲ ಬಿಟ್ಟೆ. ಏಳುನೂರು ರೂಪಾಯಿಗೂ ಒಂದು ಸಿಗುತ್ತಿತ್ತು, ಕ್ಯಾಬಿನೆಟ್ ಜೊತೆಗೇ ಕೊಟ್ಟುಬಿಡುವವರೂ ಇದ್ದಾರೆ. ನಮ್ಮ ಕಡೆ ತೋಟದ ಮೋಟರುಗಳು ಒಟ್ಟಿಗೆ ಶುರುವಾದರೆ ಬಲ್ಬಿನ ಬೆಳಕೇ ಕುಗ್ಗುತ್ತದೆ. ಅಂಥ ಕರೆಂಟಿನ ಪೆಟ್ಟು ಮೊದಲು ಬೀಳುವುದು ಎಸ್‌ಎಂಪಿಎಸ್ ಮೇಲೆ. ಕಳಪೆಯದು ಸುಟ್ಟುಹೋಗುವಾಗ ಬೋರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ಬ್ರಾಂಜ್ ದರ್ಜೆಯ 450 ವ್ಯಾಟಿನದಕ್ಕೆ ಮೂರು ಸಾವಿರ ಕೊಟ್ಟೆ. ಯುಪಿಎಸ್‌ಗೆ 2,900, 22 ಇಂಚಿನ ಮಾನಿಟರಿಗೆ 6,900, ಕೀಬೋರ್ಡು ಮೌಸಿಗೆ 900. ಎಲ್ಲ ಸೇರಿ 38,900.

ವ್ಯಾಟ್ ಚಿಕ್ಕದಾಗಿದ್ದಕ್ಕೆ ಯುಪಿಎಸ್ಸೂ ಚಿಕ್ಕದು ಸಾಕಾಯಿತು. 600 ವಿಎ ಎಂದು ಬರೆದಿರುವುದು ಹೊರುವುದು 360 ವ್ಯಾಟ್ ಮಾತ್ರ. ಕೆಲಸ ಉಳಿಸಿ, ಸಮಾಧಾನವಾಗಿ ಆಫ್ ಮಾಡುವಷ್ಟು ಹೊತ್ತು ನಮ್ಮದನ್ನು ನಿಲ್ಲಿಸುತ್ತದೆ. ಇನ್ನೊಂದು ಲೆಕ್ಕ ಉಚಿತ ಕರೆಂಟಿನ ಗೃಹಜ್ಯೋತಿಯದು. ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ತಿಳಿದವರು ಬಹಳ. ಹಾಗಲ್ಲ, ಆಯಾ ಮನೆಯ ಹಿಂದಿನ ಬಳಕೆಯ ಸರಾಸರಿಗೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿದ್ದಾರೆ. ಮಿತಿ ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಮಾನಿಟರ್ ಸೇರಿ ಸರಾಸರಿ 60 ವ್ಯಾಟ್ ಎಳೆಯುವ ಕಂಪ್ಯೂಟರು ದಿನಕ್ಕೆ ಆರು ಗಂಟೆ ನಡೆದರೆ ತಿಂಗಳಿಗೆ 11 ಯೂನಿಟ್. ದೊಡ್ಡ ಗ್ರಾಫಿಕ್ಸ್ ಕಾರ್ಡು ಹಾಕಿ 350 ವ್ಯಾಟ್ ಎಳೆದರೆ 63. ಒಂದು ಫ್ರಿಜ್ಜು, ಒಂದು ಗ್ರೈಂಡರ್ ಇರುವ ಮನೆಯಲ್ಲಿ ಈ ಐವತ್ತು ಯೂನಿಟ್ಟಿನ ವ್ಯತ್ಯಾಸ ಸಣ್ಣದಲ್ಲ.

ಪುಟ್ಟ ಪೆಟ್ಟಿಗೆ ಬೇಡವೆನ್ನಲು ಧೂಳೂ ಒಂದು ಕಾರಣ. ಕಾಯಿ ಸುಲಿಯುವ ದಿನಗಳಲ್ಲಿ ನಾರಿನ ಪುಡಿ ಮನೆಯ ಯಾವ ಸಂದಿಯನ್ನೂ ಬಿಡುವುದಿಲ್ಲ. ಚಿಕ್ಕ ಕ್ಯಾಬಿನೆಟ್ಟಿನ ಚಿಕ್ಕ ಫ್ಯಾನು ಜೋರಾಗಿ ತಿರುಗಬೇಕು, ಸದ್ದೂ ಹೆಚ್ಚು, ಒಳಗೆಳೆಯುವ ಧೂಳನ್ನು ತೆಗೆಯುವುದೂ ಕಷ್ಟ. ಮುಂದೆ ಜಾಲರಿ ಇದ್ದು ಬಿಚ್ಚಿ ಒರೆಸುವಂಥದ್ದು ಮೇಲು.

ಇನ್ನು ದುಡ್ಡು ಎಲ್ಲಿಂದ ಎನ್ನುವುದು. ಕೊಬ್ಬರಿಯ ದುಡ್ಡು ವರ್ಷಕ್ಕೊಮ್ಮೆ ಬರುವಂಥದ್ದು, ಇಎಂಐ ತಿಂಗಳು ತಿಂಗಳು ಕೇಳುವಂಥದ್ದು. ಬಡ್ಡಿಯಿಲ್ಲದ ಇಎಂಐ ಎನ್ನುತ್ತಾರೆ, ಒಮ್ಮೆಗೇ ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ಅಲ್ಲಿ ಸಿಗುವುದಿಲ್ಲ, ಪ್ರೊಸೆಸಿಂಗ್ ಶುಲ್ಕ ಬೇರೆ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕ್ವಿಂಟಲ್ ಉಂಡೆ ಕೊಬ್ಬರಿ ಎಂಟೊಂಬತ್ತು ಸಾವಿರಕ್ಕೆ ಕುಸಿದಿತ್ತು. ಬೆಂಬಲ ಬೆಲೆ 11,750 ಇದ್ದ ವರ್ಷವದು. ಆಗ ಕೊಂಡಿದ್ದರೆ ಈ ಕಂಪ್ಯೂಟರಿಗೆ ನಾಲ್ಕೂವರೆ ಕ್ವಿಂಟಲ್ ಹೋಗುತ್ತಿತ್ತು. 2025ರಲ್ಲಿ ದರ ಇಪ್ಪತ್ತೈದು ಸಾವಿರ ದಾಟಿದಾಗ ಒಂದೂವರೆ ಕ್ವಿಂಟಲ್‌ಗೆ ಮುಗಿಯಿತು. ಮನೆಯ ಮುಂದಿನ ಖರ್ಚಿಗೆಲ್ಲ ನಾನು ಹೀಗೇ ಕ್ವಿಂಟಲ್‌ನಲ್ಲಿ ಲೆಕ್ಕ ಹಾಕುವುದು. ಮಗಳಿಗೆ ನಗು. ಬಿಲ್ಲು ಮಾತ್ರ ಜಿಎಸ್‌ಟಿ ಹಾಕಿಸಿಯೇ ತಂದೆ. ಶೇ 18ರಂತೆ ಅದರಲ್ಲಿ ಸುಮಾರು 5,900 ತೆರಿಗೆ. ನೋಂದಾಯಿತ ವ್ಯಾಪಾರಿ ವ್ಯವಹಾರಕ್ಕೆಂದೇ ಕೊಂಡರೆ ಅಷ್ಟನ್ನೂ ಹೂಡುವಳಿ ತೆರಿಗೆಯಾಗಿ ವಾಪಸ್ ಪಡೆಯಬಹುದು, ಆದಾಯ ತೆರಿಗೆಯಲ್ಲಿ ಶೇ 40 ಸವಕಳಿಯೂ ಉಂಟು. ಬಿಲ್ಲಿಲ್ಲದೆ ಸಾವಿರ ಕಡಿಮೆ ಮಾಡುತ್ತೇನೆ ಎನ್ನುವವನು ಆ ಸಾವಿರಕ್ಕೆ ಮೂರು ವರ್ಷದ ವಾರಂಟಿಯನ್ನು ಕೊಂಡುಕೊಂಡಂತೆ.

ವರ್ಷದ ಕೊನೆಗೆ ಅಕ್ಕನ ಮಗ, ತುರುವೇಕೆರೆಯವನು, ಇದೇ ಪಟ್ಟಿ ಹಿಡಿದು ಹೋದ. ರ‍್ಯಾಮ್ ಬೆಲೆ ಎರಡು ಪಟ್ಟು ದಾಟಿತ್ತು. ಪ್ರೊಸೆಸರು, ಕ್ಯಾಬಿನೆಟ್ಟಿನ ದರ ಕಂಪನಿ ಇಟ್ಟದ್ದು. ರ‍್ಯಾಮ್ ಹಾಗಲ್ಲ, ಅದು ಕೊಬ್ಬರಿಯ ಜಾತಿ. ಲೋಕಕ್ಕೆಲ್ಲ ಮುಖ್ಯವಾಗಿ ಮೂರೇ ಕಂಪನಿ ಮಾಡುವುದು: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಒಳ್ಳೆಯ ಬೆಲೆ ಕೊಡುವಾಗ ಮಾಲು ಅತ್ತ ಹರಿಯಿತು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು.

"ಮಾವ, ಬೆಲೆ ಇಳಿಯೋವರೆಗೂ ಕಾಯಲಾ?" ಎಂದು ಫೋನು ಮಾಡಿದ. ಅವನಿಗೆ ಬೇಕಿದ್ದದ್ದು ಟ್ಯಾಲಿ ಮತ್ತು ಬ್ರೌಸರು. ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಅವಧಿ ಮುಗಿಸಿ ಹೊರಬಿದ್ದ ಮಿನಿಗಳನ್ನು ನೋಡು ಎಂದೆ. ಲೆನೊವೊದ ಥಿಂಕ್‌ಸೆಂಟರ್ ಟೈನಿ, ಡೆಲ್‌ನ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿಯ ಮಿನಿ. ಲೀಟರಿನಷ್ಟೇ ಗಾತ್ರ, ಮಾನಿಟರಿನ ಬೆನ್ನಿಗೆ ಕಟ್ಟಬಹುದು, ಪ್ರೊಸೆಸರ್ ಬಹುಪಾಲು 35 ವ್ಯಾಟಿನದು. ಹೊಸದರಲ್ಲಿ ಸಿಗದ ಪುಟ್ಟ ಗಾತ್ರ ಹಳೆಯದರಲ್ಲಿ ಅಗ್ಗಕ್ಕೆ ಸಿಗುತ್ತದೆ, ಕಚೇರಿಗಳು ಅವನ್ನು ಸಾವಿರಗಟ್ಟಲೆ ಕೊಂಡಿದ್ದವು. ರ‍್ಯಾಮ್ ಒಳಗೇ ಇರುತ್ತದೆ, ಅಸಲಿ ವಿಂಡೋಸ್ ಲೈಸೆನ್ಸೂ ಸಾಮಾನ್ಯವಾಗಿ ಇರುತ್ತದೆ. ಹೊಸದಾಗಿ ಕೊಂಡರೆ ಅದೊಂದೇ ಹತ್ತು ಸಾವಿರದ ಹತ್ತಿರ. ನಮ್ಮ ಮನೆಯದರಲ್ಲಿ ಲಿನಕ್ಸ್ ಹಾಕಿ ಅದನ್ನು ಉಳಿಸಿದ್ದೇವೆ.

ಆದರೆ ಇಂಟೆಲ್ ಆದರೆ ಎಂಟನೇ ತಲೆಮಾರಿಗಿಂತ ಹಿಂದಿನದು ಬೇಡ ಎಂದು ಒತ್ತಿ ಹೇಳಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಎಂಟನೇ ತಲೆಮಾರಿಗಿಂತ ಹಳೆಯವು ಬಹುಪಾಲು 11ಕ್ಕೆ ಅರ್ಹವಲ್ಲ. ಆರು, ಏಳನೇ ತಲೆಮಾರಿನವು ಅಷ್ಟು ಅಗ್ಗಕ್ಕೆ ರಾಶಿ ಬಿದ್ದಿರುವುದು ಅದಕ್ಕೇ. ಬಯೋಸ್‌ಗೆ ಹಳೇ ಕಚೇರಿಯ ಪಾಸ್‌ವರ್ಡ್ ಉಳಿದಿದೆಯೇ, ಅಡಾಪ್ಟರ್ ಅದೇ ಕಂಪನಿಯದೇ, ಎಸ್‌ಎಸ್‌ಡಿ ಎಷ್ಟು ಸವೆದಿದೆ, ಇಷ್ಟನ್ನು ಅಂಗಡಿಯಲ್ಲೇ ನೋಡಬೇಕು. ಅವನು ನೋಡಿಯೇ ತಂದ, ಮಾನಿಟರ್ ಬಿಟ್ಟು ನನ್ನ ಖರ್ಚಿನ ಅರ್ಧಕ್ಕೆ.

ಮಗಳು ಈಗ ಗ್ರಾಫಿಕ್ಸ್ ಕಾರ್ಡು ಕೇಳುತ್ತಿದ್ದಾಳೆ. ಕಾರ್ಡಿನ ಬೆಲೆಯ ಜೊತೆ ದೊಡ್ಡ ಯುಪಿಎಸ್ಸು, ತಿಂಗಳ ಯೂನಿಟ್ಟು ಎರಡನ್ನೂ ಕೂಡಿಸಿ ಒಟ್ಟು ಎಷ್ಟು ಕ್ವಿಂಟಲ್ ಆಗುತ್ತದೆ ಎಂದು ಬರೆದು ಕೊಡಲು ಹೇಳಿದ್ದೇನೆ.