ಕಚೇರಿಯ ಮೆಟ್ಟಿಲು

ಮಗಳೇ, ಈ ಕಾಗದವನ್ನು ನಿನ್ನ ಮನೆಗೆ ಕಳುಹಿಸದೆ ಪತ್ರಿಕೆಗೆ ಕಳುಹಿಸುತ್ತಿರುವುದು ನಿನ್ನ ಮರ್ಯಾದೆಗೆ ಕುಂದು ತರಬೇಕೆಂದಲ್ಲ. ನಿನ್ನಂಥವರು ಈಗ ಮಲೆನಾಡಿನಲ್ಲಿ ಕೇರಿಗೊಬ್ಬರಿದ್ದಾರೆ, ನೀನು ಓದದಿದ್ದರೂ ಅವರಲ್ಲೊಬ್ಬರು ಓದಿಯಾರು ಎಂಬ ಆಸೆಯಿಂದ.

ಹಲಸಿನ ಚಿಪ್ಸಿನ ಉದ್ಯಮಕ್ಕೆ 'ಸಬ್ಸಿಡಿ ಮಾಡಿಸಿಕೊಡುವ' ಮಹಾನುಭಾವನೊಬ್ಬನಿಗೆ ನೀನು ಮುಂಗಡ ಕೊಡಲು ಹೊರಟಿರುವೆಯೆಂದೂ, ನಾಲ್ಕು ಲಕ್ಷದಲ್ಲಿ ಮುಗಿಯುತ್ತಿದ್ದ ನಿನ್ನ ಯೋಜನೆ ಅವನ ಕೈಯಲ್ಲಿ ಇಪ್ಪತ್ತೈದು ಲಕ್ಷಕ್ಕೆ ಬೆಳೆದಿದೆಯೆಂದೂ ನಿನ್ನ ಅಪ್ಪ ಹೇಳಿದ. ದೊಡ್ಡದಾಗಿ ತೊಡಗುವುದರಲ್ಲಿಯೂ ಒಂದು ಪೌರುಷವಿದೆ, ಅದನ್ನು ನಾನು ಅಲ್ಲಗಳೆಯುವವನಲ್ಲ. ಎರಡು ಪಕ್ಷಗಳನ್ನೂ ತೂಗಿ ಹೇಳಬೇಕೆಂದೇ ಕುಳಿತೆ. ಆದರೆ ತಕ್ಕಡಿ ಹಿಡಿದವನಿಗೆ ಹಳೆಯ ಗಾಯವಿದ್ದಲ್ಲಿ ಕೈ ನಡುಗುವುದು ಸಹಜ.

1981ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ನಾನು ಅವಲಕ್ಕಿ ಗಿರಣಿ ಹಾಕಿದ್ದು ನಿನಗೆ ತಿಳಿಯದು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ದೇಶದಲ್ಲಿ 1978ರಿಂದ ಜಿಲ್ಲೆ ಜಿಲ್ಲೆಗೂ ಕೈಗಾರಿಕಾ ಕೇಂದ್ರಗಳನ್ನು ತೆರೆಯತೊಡಗಿದ್ದರು. ಶಿವಮೊಗ್ಗೆಯ ಕೇಂದ್ರಕ್ಕೆ ಹೋಗಿ ವಿಚಾರಿಸೆಂದು ನನ್ನ ಮೇಷ್ಟರು ಹೇಳಿದ್ದರಿಂದ, ಒಗೆದ ಪಂಚೆಯುಟ್ಟು, ಬೆಳಗಿನ ಬಸ್ಸು ಹಿಡಿದು, ಆ ಕಚೇರಿಯ ಮೆಟ್ಟಿಲವರೆಗೂ ಹೋದವನು, ಒಳಗೆ ಮೇಜಿನ ಹಿಂದೆ ಕುಳಿತವರು ಏನು ಕೇಳುವರೋ, ಅದಕ್ಕೆ ತಡವರಿಸಿದರೆ ಎಲ್ಲಿ ನಗುವರೋ ಎಂಬ ಸಂಕೋಚದಿಂದ ಎದುರಿನ ಹೋಟೆಲಿನಲ್ಲಿ ಎರಡು ಲೋಟ ಕಾಫಿ ಕುಡಿದು ಹಿಂದಿರುಗಿದೆನು. ಅದನ್ನು ಸ್ವಾಭಿಮಾನವೆಂದು ಆಗ ಭಾವಿಸಿದ್ದೆ.

ಅಡಿಕೆ ಮಂಡಿಯ ಸಾಹುಕಾರರೊಬ್ಬರು ಯಾವ ಪ್ರಶ್ನೆಯನ್ನೂ ಕೇಳದೆ, ನೂರಕ್ಕೆ ಮೂರರ ಬಡ್ಡಿಗೆ, ಒಂದು ಗಂಟೆಯೊಳಗೆ ಹಣ ಎಣಿಸಿದರು. ಯಂತ್ರ ಬಂತು, ಪೂಜೆಯಾಯಿತು, ಊರಿಗೆಲ್ಲ ಕೋಸಂಬರಿ ಹಂಚಿದೆವು. ತ್ರೀ ಫೇಸ್ ವಿದ್ಯುತ್ತು ಮಾತ್ರ ಹತ್ತು ತಿಂಗಳವರೆಗೆ ಬರಲಿಲ್ಲ. ಬಂದಾಗಲೂ ಅದು ಬರುತ್ತಿದ್ದುದು ನಡುರಾತ್ರಿ. ನೆನೆಹಾಕಿದ ಬತ್ತ ಹುಳಿಯುವುದಕ್ಕೂ ಬಡ್ಡಿ ಬೆಳೆಯುವುದಕ್ಕೂ ಪೈಪೋಟಿ ಬಿದ್ದಂತಿತ್ತು. ಎರಡನೆಯ ಮಳೆಗಾಲದಲ್ಲಿ ಅಮ್ಮ ಒಂದು ಮಾತನ್ನೂ ಆಡದೆ ಕೊರಳ ಎರಡೆಳೆ ಸರವನ್ನು ಬಿಚ್ಚಿ ನನ್ನ ಊಟದ ಎಲೆಯ ಪಕ್ಕದಲ್ಲಿಟ್ಟಳು. ಆ ದಿನ ಏನು ಸಾರು ಮಾಡಿದ್ದಳೆಂಬುದು ಸಹ ನನಗೆ ನೆನಪಿದೆ.

ಬಹುಕಾಲದ ಮೇಲೆ ಪರಿಚಿತರೊಬ್ಬರ ಯೋಜನಾ ವರದಿಯ ನಮೂನೆಯನ್ನು ಓದುವಾಗ, ವಿದ್ಯುತ್ತು ಎಲ್ಲಿಂದ, ನೀರು ಎಲ್ಲಿಂದ, ಸರಕು ಕೊಳ್ಳುವವರಾರು ಎಂಬ ಪ್ರಶ್ನೆಗಳು ಸಾಲಾಗಿ ನಿಂತಿದ್ದುದನ್ನು ಕಂಡೆ. ನಾನು ಹೆದರಿ ಬಂದದ್ದು ಈ ಪ್ರಶ್ನೆಗಳಿಗೇ ಅಲ್ಲವೆ! ಆದುದರಿಂದ ನಿನ್ನ ಪರವಾಗಿ ಉತ್ತರ ಬರೆಯುವ ದಲ್ಲಾಳಿಯನ್ನು ಕಂಡರೆ ನನಗೆ ಮೈಯುರಿಯುತ್ತದೆ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿಯವರ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೇಂದ್ರದ ಶೇಕಡ 35ಕ್ಕೆ ನಮ್ಮ ರಾಜ್ಯ 15 ಸೇರಿಸಿ, ಒಟ್ಟು ಅರ್ಧದಷ್ಟು, 15 ಲಕ್ಷದ ಮಿತಿಯೊಳಗೆ, ಸಹಾಯಧನವಿದೆ. ಅದು ನಿನ್ನ ಕೈಗೆ ಬರುವ ನಗದಲ್ಲ. ಬ್ಯಾಂಕಿನಲ್ಲಿಯೇ ಇದ್ದು, ಮೂರು ವರ್ಷ ಉದ್ಯಮ ಸರಿಯಾಗಿ ನಡೆದರೆ ಮಾತ್ರ ಸಾಲಕ್ಕೆ ವಜಾ ಆಗುತ್ತದೆ. ಆ ಮನುಷ್ಯ ಇದನ್ನು ಹೇಳಿದನೆ? ವರದಿ ಬರೆಯಲು, ಬ್ಯಾಂಕಿಗೆ ಜೊತೆಗೆ ಬರಲು ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಸಾಲ ಮಂಜೂರಾದ ಮೇಲೆ ಅವರಿಗೆ ಸಂಭಾವನೆ ಕೊಡುವುದು ಸರ್ಕಾರವೇ. ಸಣ್ಣ ಉದ್ದಿಮೆಗಳಿಗೆಂದಿರುವ 'ಉದ್ಯಮ್' ನೋಂದಣಿಗೆ ಒಂದು ಕಾಸೂ ಇಲ್ಲ. ಇಷ್ಟನ್ನೂ ಬಿಟ್ಟು ಹಣ ತೆತ್ತು ಮೋಸಹೋಗುವುದಾದರೆ ಪದವಿ ಪಡೆದದ್ದು ಏತಕ್ಕೆ? ಕಡೆಪಕ್ಷ ನನಗೆ ಅಜ್ಞಾನದ ನೆಪವಾದರೂ ಇತ್ತು.

ಕಟುವಾಯಿತೇನೋ. ಅಳಿಸುವ ಮನಸ್ಸಿಲ್ಲ, ಕ್ಷಮಿಸು. ನಿನ್ನ ಸಂಕೋಚ ನನ್ನ ರಕ್ತದಿಂದಲೇ ಬಂದದ್ದೆಂಬುದನ್ನು ಬಲ್ಲೆ. ಬೈದುಕೊಳ್ಳುತ್ತಿರುವುದು ಮುಕ್ಕಾಲುಪಾಲು ನನ್ನನ್ನೇ.

ಸಾಲಕ್ಕೆ ಮುಂಚೆ ಉಜಿರೆಗೆ ಹೋಗಿ ಬಾ. ಧರ್ಮಸ್ಥಳದವರೂ ಎರಡು ಬ್ಯಾಂಕುಗಳೂ ಕೂಡಿ 1982ರಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ ವಸತಿಗಳೊಡನೆ ತರಬೇತಿ ಉಚಿತ. ಅದರ ಮಾದರಿಯನ್ನೇ ಅನಂತರ ದೇಶವೆಲ್ಲ ಅನುಸರಿಸಿತು. ನಾನು ಗಿರಣಿ ಹಾಕಿದ ಮರುವರ್ಷ ಅದು ಹುಟ್ಟಿತೆಂಬುದನ್ನು ನೆನೆದು ಎಷ್ಟೋ ಸಲ ನಕ್ಕಿದ್ದೇನೆ. ಅಲ್ಲಿಂದ ಬಂದ ಮೇಲೆಯೂ ಇಪ್ಪತ್ತೈದು ಲಕ್ಷವೇ ಬೇಕೆನ್ನಿಸಿದರೆ ನಾನು ಅಡ್ಡಬರುವುದಿಲ್ಲ, ಆದರೆ ಅನ್ನಿಸಲಾರದೆಂದು ನನ್ನ ನಂಬಿಕೆ.

ಬರುವ ಸೋಮವಾರ ಶಿವಮೊಗ್ಗೆಯ ಆ ಕಚೇರಿಗೆ ಹೋಗೋಣ. ಒಳಗೆ ನೀನೊಬ್ಬಳೇ ಹೋಗತಕ್ಕದ್ದು. ನಾನು ಹೊರಗಿನ ಬೆಂಚಿನಲ್ಲಿ ಕುಳಿತಿರುತ್ತೇನೆ. ತೋರಿಸಲು ಎರಡು ಪೊಟ್ಟಣ ಚಿಪ್ಸು ತಾ. ಹೋದ ಸಲದ್ದರಲ್ಲಿ ಉಪ್ಪು ತುಸು ಹೆಚ್ಚಾಗಿತ್ತು.

ಇತಿ,
ನಿನ್ನ ದೊಡ್ಡಪ್ಪ