ಲೋರ್ನಾ ಅವರ ಹಾಡು ಮತ್ತು ಜಾಜ್ ಸಂಗೀತ

ಕಳೆದ ವರ್ಷ ಪಾಲಕರ ಸಭೆ ಮುಗಿದ ಬಳಿಕ ತಂದೆಯೊಬ್ಬರು ನನ್ನನ್ನು ಕಂಡು, “ಸರ, ನಮ್ಮ ಹುಡುಗ ಕನ್ನಡ ಪದ್ಯ ಬಿಟ್ಟು ಕೊಂಕಣಿ ಕುಡುಕನ ಪದಾ ಹಾಡ್ತಾನ್ರಿ, ಸ್ವಲ್ಪ ಬುದ್ಧಿ ಹೇಳ್ರಿ” ಎಂದರು. ವಿಚಾರಿಸಲಾಗಿ ಅದು ಲೋರ್ನಾ ಕೊರ್ಡೇರೊ ಅವರ ‘ಬೆಬ್ದೊ’ ಎಂದು ತಿಳಿಯಿತು. ಬೆಬ್ದೊ ಎಂದರೆ ಕುಡುಕನೆಂದೇ ಅರ್ಥ. ಬುದ್ಧಿ ಹೇಳುವುದಕ್ಕೆ ಮುಂಚೆ ಆ ಹಾಡನ್ನು ನಾನೇ ಕೇಳಿದೆ. ಒಂದಲ್ಲ, ನಾಲ್ಕು ಬಾರಿ. ಜಾಜ್ ಎಂದರೆ ಬರಿಯ ಗದ್ದಲವೆಂದು ಅದುವರೆಗೆ ನಾನು ತಿಳಿದಿದ್ದೆನೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ಗುಲಾಮರಾಗಿ ಒಯ್ಯಲ್ಪಟ್ಟಿದ್ದ ಆಫ್ರಿಕದ ಜನರ ಸಂತತಿಯವರಿಂದ, ಇಪ್ಪತ್ತನೆಯ ಶತಮಾನದ ಆರಂಭಕಾಲದಲ್ಲಿ ರೂಪುಗೊಂಡ ಸಂಗೀತವೇ ಜಾಜ್. ಇದರ ಮರ್ಮವನ್ನು ಅರಿಯಲು ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಒಂದು, ಎರಡು, ಮೂರು, ನಾಲ್ಕು ಎಂದು ಸಮನಾಗಿ ಎಣಿಸುತ್ತ ಹೋಗಿರಿ. ಮೊದಲು ಒಂದಕ್ಕೂ ಮೂರಕ್ಕೂ ಚಪ್ಪಾಳೆ ತಟ್ಟಿರಿ. ಅದು ಕವಾಯತಿನ ನಡೆ. ಅನಂತರ ಎರಡಕ್ಕೂ ನಾಲ್ಕಕ್ಕೂ ಮಾತ್ರ ತಟ್ಟಿರಿ. ಎಣಿಕೆ ಅದೇ ಆದರೂ ದೇಹ ತಾನಾಗಿ ತೂಗಲಾರಂಭಿಸುತ್ತದೆ! ಜಾಜಿನ ನಡೆಯ ಗುಟ್ಟು ಬಹಳಮಟ್ಟಿಗೆ ಇಲ್ಲಿದೆ. ಇನ್ನು ವಾದಕನು ಕಟ್ಟಿದ ರಾಗವನ್ನು ಒಮ್ಮೆ ನುಡಿಸಿ, ಬಳಿಕ ಅದನ್ನು ಆ ಕ್ಷಣದ ಕಲ್ಪನೆಯಿಂದ ಬೆಳೆಸುತ್ತಾನೆ. ನಮ್ಮವರು ಮನೋಧರ್ಮವೆನ್ನುವುದು ಇದಕ್ಕೆ ಹತ್ತಿರದ ಮಾತು. ಕದ್ರಿ ಗೋಪಾಲನಾಥರು ಜಾಜಿನ ಮುಖ್ಯ ವಾದ್ಯವಾದ ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ, 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಡನೆ ಸರಿಸಮವಾಗಿ ಕುಳಿತದ್ದು ಈ ಹತ್ತಿರತನದಿಂದಲೇ.

ಇಂಥ ಸಂಗೀತ ಗೋವೆಯವರಿಗೆ ಒಲಿದುದೇಕೆ? ಇಲ್ಲಿಯ ಇಗರ್ಜಿಗಳಿಗೆ ಸೇರಿದ ಶಾಲೆಗಳಲ್ಲಿ ಬಡವರ ಮಕ್ಕಳಿಗೂ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಆ ವಿದ್ಯೆಯನ್ನು ನಂಬಿ ಸಾವಿರಾರು ಜನ ಮುಂಬಯಿಗೆ ಹೋದರು. ಹಗಲು ಹಿಂದಿ ಚಿತ್ರಗಳ ವಾದ್ಯಮೇಳದಲ್ಲಿ, ರಾತ್ರಿ ಹೋಟೆಲುಗಳ ಜಾಜ್ ತಂಡಗಳಲ್ಲಿ ದುಡಿದರು. ಮಡಗಾವಿನ ಬೋರ್ಡಾದ ಕ್ರಿಸ್ ಪೆರಿ ಅವರೂ ಹೀಗೆಯೇ ತುತ್ತೂರಿ, ಸ್ಯಾಕ್ಸೋಫೋನುಗಳನ್ನು ನುಡಿಸಿ ಹೆಸರಾದವರು.

ಲೋರ್ನಾ ಹುಟ್ಟಿದ್ದು ಮುಂಬಯಿಯ ಗೋವನ್ ಕುಟುಂಬದಲ್ಲಿ. ಎಳೆವಯಸ್ಸಿನಲ್ಲಿ ಅವರು ಹಾಡುತ್ತಿದ್ದುದು ಇಂಗ್ಲಿಷ್ ಹಾಡುಗಳನ್ನು. ಅಮೆರಿಕದ ಕಾನಿ ಫ್ರಾನ್ಸಿಸ್ ಅವರ ಧ್ವನಿಯನ್ನು ಅಚ್ಚೊತ್ತಿದಂತೆ ಅನುಕರಿಸುತ್ತಿದ್ದರು. ಅಷ್ಟಕ್ಕೇ ನಿಂತಿದ್ದರೆ ಇಂದು ಅವರನ್ನು ಯಾರೂ ನೆನೆಯುತ್ತಿರಲಿಲ್ಲವೆಂದು ನನ್ನ ಎಣಿಕೆ. ಪೆರಿ ಅವರ ತಂಡ ಸೇರಿದ ಮೇಲೆ ಜಾಜಿನ ಪಟ್ಟುಗಳೆಲ್ಲ ಅವರಿಗೆ ಕರಗತವಾದವು. ಪೆರಿ ಅವರು ಆ ಜಾಜನ್ನೇ ಕೊಂಕಣಿಯಲ್ಲಿ ಕಟ್ಟಿದರು. ಲೋರ್ನಾ ಅದಕ್ಕೆ ಕಂಠವಾದರು. ‘ಬೆಬ್ದೊ’, ‘ಪಿಸ್ಸೊ’, ‘ಲಿಸ್ಬೋವಾ’, ‘ನಾಚೂಂಯಾ ಕುಂಪಾಸಾರ್’ ಮನೆಮಾತಾದವು.

ಆ ಹಾಡುಗಳಲ್ಲಿ ಲೋರ್ನಾ ಒಂದು ಸಾಲು ಹಾಡಿ ನಿಲ್ಲಿಸುತ್ತಲೇ ತುತ್ತೂರಿಗಳು ಓಗೊಡುತ್ತವೆ. ನಮ್ಮ ಗೀಗೀ ಪದದಲ್ಲಿ ಮುಂದಾಳು ಹಾಡಿದೊಡನೆ ಹಿಮ್ಮೇಳದವರು ಎತ್ತಿಕೊಳ್ಳುವುದನ್ನು ಕೇಳಿ ಬೆಳೆದ ಪಾಲಕರಿಗೆ ಇದು ಅಪರಿಚಿತವಾಗಲಾರದು. ಅವರ ಧ್ವನಿಯೋ, ತುಸು ಒರಟು. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಉಳಿದು, ಕೊನೆಗೆ ಬಂದು ಕೂಡಿಕೊಳ್ಳುತ್ತದೆ. ಲಯ ತಪ್ಪಿತೆಂದು ನಾನು ಮೊದಲ ಸಲ ಭಾವಿಸಿದ್ದೆ. ತಪ್ಪಿದ್ದು ನನ್ನ ಕಿವಿ.

ಇಲ್ಲಿ ಒಂದು ಮಾತು ಗಮನಿಸತಕ್ಕದ್ದು. 1684ರಲ್ಲಿ ಪೋರ್ಚುಗೀಸರು ಆಜ್ಞೆ ಹೊರಡಿಸಿ ಕೊಂಕಣಿಯನ್ನು ನಿಷೇಧಿಸಿದ್ದರು. ಬಹುಕಾಲ ಅದು ಅಡಿಗೆಮನೆಯ ಭಾಷೆಯೆನಿಸಿತ್ತು. ಗೋವೆಯ ರಾಜಭಾಷೆಯಾದದ್ದು 1987ರಲ್ಲಿ. ಅದಕ್ಕೂ ಮೊದಲೇ, ಮನೆಯಲ್ಲಿ ಆಡಲು ಸಂಕೋಚಪಡುತ್ತಿದ್ದ ನುಡಿಯನ್ನು ಈ ಇಬ್ಬರು ಮಹಾನಗರದ ವೇದಿಕೆಗೆ ಏರಿಸಿದ್ದರು. ಜಾಜಿನ ಮೇಲಿನ ಪ್ರೀತಿ ಲೋರ್ನಾ ಅವರನ್ನು ತಾಯ್ನುಡಿಯಿಂದ ದೂರ ಒಯ್ಯಲಿಲ್ಲ. ಅದರ ಬಳಿಗೇ ತಂದಿತು. ಝುವಾರಿನಗರದ ಬೀದಿಯಲ್ಲಿ ಕನ್ನಡ ಮಾತಾಡಲು ಹಿಂದುಮುಂದು ನೋಡುವ ನಮ್ಮ ಹುಡುಗರನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಕೀರ್ತಿಯ ಶಿಖರದಲ್ಲಿದ್ದಾಗ ಲೋರ್ನಾ ವೇದಿಕೆಯಿಂದ ಮರೆಯಾದರು. ಸುಮಾರು ಎರಡು ದಶಕ ಅವರ ಹೊಸ ಹಾಡು ಕೇಳಲಿಲ್ಲ. 1995ರಲ್ಲಿ ರಾನಿ ಮೊನ್ಸೆರಾಟ್ ಅವರ ಪ್ರಯತ್ನದಿಂದ ‘ಹಲೋ ಲೋರ್ನಾ’ ಹೊರಬಂದಿತು. ಧ್ವನಿಯ ಕಸುವು ಕುಂದಿರಲಿಲ್ಲ. ಪೆರಿ 2002ರಲ್ಲಿ ತೀರಿಕೊಂಡರು. ಬಾರ್ಡ್ರಾಯ್ ಬರೆಟ್ಟೊ ಅವರು ಈ ಹಾಡುಗಳನ್ನೇ ಪೋಣಿಸಿ ತೆಗೆದ ‘ನಾಚೂಂಯಾ ಕುಂಪಾಸಾರ್’ ಚಿತ್ರಕ್ಕೆ 2014ನೆಯ ಸಾಲಿನ ರಾಷ್ಟ್ರಪ್ರಶಸ್ತಿ ದೊರೆಯಿತು.

ಆ ಹುಡುಗನಿಗೆ ನಾನು ಬುದ್ಧಿ ಹೇಳಲಿಲ್ಲ. ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ ತಟ್ಟುತ್ತ ಕನ್ನಡ ಪದ್ಯವೊಂದನ್ನು ಹಾಡೆಂದೆ. ಮೊದಲು ನಕ್ಕ; ಆಮೇಲೆ ಹಾಡಿದ.